ದಿನಚರಿಯೂ ಬೆರಳಚ್ಚೂ

ಮುಂಬಯಿಯ ಆಂಟಾಪ್ ಹಿಲ್‌ನಲ್ಲಿರುವ ಕೇಂದ್ರ ಸರಕಾರೀ ನೌಕರರ ವಸತಿಗೃಹಗಳಲ್ಲಿ, ಹಗಲೆಲ್ಲ ಕಚೇರಿಯ ಆಂಗ್ಲ ಬೆರಳಚ್ಚು ಯಂತ್ರದ ಮುಂದೆ ಕುಳಿತು ಬಂದ ಕನ್ನಡಿಗ ಗುಮಾಸ್ತನು ಇರುಳು ದಿನಚರಿಯನ್ನು ಬರೆಯಹೊರಟರೆ ಲೇಖನಿಯನ್ನೇ ಆಶ್ರಯಿಸಬೇಕಾಗಿದ್ದುದು ಬರಿಯ ಅಭಿರುಚಿಯಿಂದಲ್ಲ. ಇದೇ ನಗರದ ಗೋದ್ರೆಜ್ ಸಂಸ್ಥೆಯು 1955ರಲ್ಲಿ ಸ್ವದೇಶೀ ಬೆರಳಚ್ಚು ಯಂತ್ರವನ್ನು ನಿರ್ಮಿಸಿತಾದರೂ, ಕೆ. ಅನಂತಸುಬ್ಬರಾಯರು ಕನ್ನಡಕ್ಕೆ ಕೀಲಿಮಣೆಯನ್ನು ಯೋಜಿಸಿಕೊಟ್ಟರಾದರೂ, ಯಂತ್ರದ ಬೆಲೆ, ಅದರ ಸದ್ದು, ಗುಣಿತ ಒತ್ತಕ್ಷರಗಳನ್ನು ತುಂಡುತುಂಡಾಗಿ ಜೋಡಿಸುವ ಶ್ರಮ, ಇವು ಇಕ್ಕಟ್ಟಾದ ಮನೆಯಲ್ಲಿ ಆತ್ಮನಿವೇದನೆಗೆ ಒದಗುವಂಥವಾಗಿರಲಿಲ್ಲ. ಮುಂಬಯಿಯಲ್ಲಿಯೇ ಬಹುಕಾಲ ದುಡಿದ ಕೆ.ಪಿ. ರಾಯರ ಧ್ವನ್ಯಾತ್ಮಕ ಕೀಲಿಮಣೆಯು ಮುಂದೆ ಗಣಕಯಂತ್ರದಲ್ಲಿ ಆ ಶ್ರಮವನ್ನು ನೀಗಿತು. ಆದರೂ ಕಂಪಿಸಿದ ಅಕ್ಷರ, ಹೊಡೆದುಹಾಕಿದ ಪದ, ಒತ್ತಿ ಬರೆದ ಗೆರೆ, ಇವುಗಳಲ್ಲಿ ಉಳಿಯುವ ಮನಸ್ಸಿನ ಸಾಕ್ಷ್ಯವನ್ನು ಅಚ್ಚಾದ ಪುಟವು ಕೊಡಲಾರದೆಂಬುದು ನನ್ನ ದೃಢಮತ. ಹಿರಿಯರ ಹಳೆಯ ದಿನಚರಿಗಳುಳ್ಳವರು ಅವನ್ನು ದಯವಿಟ್ಟು ರದ್ದಿಗೆ ಹಾಕದಿರಲಿ.