ಗಟ್ಟಿ ಪೆಡಲ್ ಎಷ್ಟರ ಸಾಕ್ಷಿ? ಕಾರಿನ ಬ್ರೇಕ್ ಜೋಡಣೆ ಮತ್ತು ಪರೀಕ್ಷೆ ಕುರಿತು

ಬ್ರೇಕ್ ಕೆಲಸ ಸರಿಯಾಗಿದೆ ಎನ್ನಲು ಅನೇಕ ಗ್ಯಾರೇಜುಗಳಲ್ಲಿ ಇರುವುದು ಒಂದೇ ಪುರಾವೆ. ಮೆಕ್ಯಾನಿಕ್ ಪೆಡಲ್ ಒತ್ತಿ ನೋಡುತ್ತಾರೆ, ಗಟ್ಟಿಯಾಗಿದ್ದರೆ ಕೀಲಿ ಗಿರಾಕಿಯ ಕೈ ಸೇರುತ್ತದೆ. ನಿಂತ ಕಾರಿನ ಗಟ್ಟಿ ಪೆಡಲ್‌ನಿಂದ ತಿಳಿಯುವುದು ಪೈಪುಗಳಲ್ಲಿ ಗಾಳಿ ಉಳಿದಿಲ್ಲ, ದೊಡ್ಡ ಸೋರಿಕೆ ಇಲ್ಲ ಎಂಬಷ್ಟೇ. ಬ್ರೇಕ್ ಕಾದಾಗ ಏನಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ ಎಂಬುದು ಈ ಲೇಖನದ ವಾದ.

1921ರ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ನಾಲ್ಕೂ ಚಕ್ರಗಳಿಗೆ ಹೈಡ್ರಾಲಿಕ್ ಬ್ರೇಕ್ ಬಂದಾಗಿನಿಂದ ಮೂಲತತ್ತ್ವ ಬದಲಾಗಿಲ್ಲ. ದ್ರವ ಕುಗ್ಗುವುದಿಲ್ಲ, ಹಾಗಾಗಿ ಕಾಲಿನ ಒತ್ತಡ ಚಕ್ರದವರೆಗೆ ತಲುಪುತ್ತದೆ. ಆದರೆ ನಾವು ಬ್ರೇಕ್ ಆಯಿಲ್ ಎಂದು ಕರೆಯುವ ಗ್ಲೈಕಾಲ್ ಆಧಾರಿತ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಮಾನದಂಡದ ಪ್ರಕಾರ ಹೊಸ ಡಾಟ್ 3 ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಸುಮಾರು ಶೇ. 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155.

ದ್ರವವನ್ನು ಕುದಿಸುವಷ್ಟು ಶಾಖ ಎಲ್ಲಿಂದ ಬರುತ್ತದೆ? 1,200 ಕಿಲೋ ತೂಕದ ಕಾರನ್ನು ಗಂಟೆಗೆ 80 ಕಿ.ಮೀ. ವೇಗದಿಂದ ಒಮ್ಮೆ ನಿಲ್ಲಿಸಿದರೆ ಸುಮಾರು 3 ಲಕ್ಷ ಜೂಲ್ ಶಕ್ತಿ ಹೆಚ್ಚಾಗಿ ಬ್ರೇಕಿನಲ್ಲೇ ಶಾಖವಾಗುತ್ತದೆ. ಅದೇ ಕಾರು ಘಾಟಿಯಲ್ಲಿ 500 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 59 ಲಕ್ಷ ಜೂಲ್, ಅಂದರೆ ಸುಮಾರು ಇಪ್ಪತ್ತು ಪಟ್ಟು. ಕೆಳಗಿನ ಗೇರಿನಲ್ಲಿ ಇಂಜಿನ್ನು ಅದರಲ್ಲೊಂದು ಪಾಲು ಹೊರದಿದ್ದರೆ ಬಹುಪಾಲು ಡಿಸ್ಕು, ಪ್ಯಾಡುಗಳ ಪಾಲಿಗೇ ಬರುತ್ತದೆ. ಆಗ ನೀರು ಹೀರಿದ ಹಳೆಯ ದ್ರವ, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನೊಳಗೆ ಕುದಿದು ಆವಿಯಾಗುತ್ತದೆ. ಆವಿ ಕುಗ್ಗುತ್ತದೆ, ಪೆಡಲ್ ತಳಕ್ಕೆ ಹೋಗುತ್ತದೆ. ನನ್ನ ದೃಷ್ಟಿಯಲ್ಲಿ ಅತ್ಯಂತ ಅಪಾಯಕಾರಿ ಸಂಗತಿ ಇದರ ಮುಂದಿನದು: ತಣಿದ ಮೇಲೆ ಪೆಡಲ್ ಮತ್ತೆ ಗಟ್ಟಿಯಾಗುತ್ತದೆ. ಕಾರು ಗ್ಯಾರೇಜು ತಲುಪುವ ಹೊತ್ತಿಗೆ ದೋಷದ ಗುರುತೇ ಇರುವುದಿಲ್ಲ.

ಜೋಡಣೆಯ ತಪ್ಪುಗಳು ಹೆಚ್ಚಾಗಿ ಸಣ್ಣವು. ಜಾಕ್ ಒಂದನ್ನೇ ನಂಬಿ ಕಾರಿನಡಿ ಕೈಹಾಕಬಾರದು. ಸ್ಟ್ಯಾಂಡ್ ಕೊಟ್ಟು, ನೆಲದ ಮೇಲಿನ ಚಕ್ರಗಳಿಗೆ ಅಡೆ ಇಡಬೇಕು. ಬಿಚ್ಚಿದ ಕ್ಯಾಲಿಪರನ್ನು ಹೋಸಿನಿಂದ ನೇತಾಡಲು ಬಿಡದೆ ತಂತಿಯಿಂದ ಕಟ್ಟಬೇಕು, ಇಲ್ಲವಾದರೆ ಹೋಸು ಒಳಗೊಳಗೇ ಹಾಳಾಗುತ್ತದೆ. ಪ್ಯಾಡಿನ ದೂಳನ್ನು ಗಾಳಿ ಊದಿ ಹಾರಿಸಬಾರದು, ಹಳೆಯ ಪ್ಯಾಡುಗಳಲ್ಲಿ ಕಲ್ನಾರು ಇರಬಹುದು. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಂತೆ ಹಚ್ಚಿರುವ ಎಣ್ಣೆಯನ್ನು ಪೂರ್ತಿ ಒರೆಸಬೇಕು. ಹಬ್‌ನ ಮುಖದಲ್ಲಿ ತುಕ್ಕಿನ ತೆಳು ಪದರ ಉಳಿದರೂ ಡಿಸ್ಕು ಓರೆಯಾಗಿ ಕೂತು, ಮುಂದೆ ಪೆಡಲ್ ಅದುರುತ್ತದೆ. ಹೊಸ ಪ್ಯಾಡಿಗೆ ಜಾಗ ಮಾಡಲು ಕ್ಯಾಲಿಪರಿನ ಪಿಸ್ಟನ್ನನ್ನು ಹಿಂದಕ್ಕೆ ಒತ್ತಿರುವುದರಿಂದ ಮೊದಲ ತುಳಿತಕ್ಕೆ ಬ್ರೇಕ್ ಹಿಡಿಯುವುದಿಲ್ಲ. ಕಾರು ಒಂದಡಿ ಸರಿಯುವ ಮೊದಲೇ ಪೆಡಲನ್ನು ಪಂಪ್ ಮಾಡಿ ಗಟ್ಟಿಮಾಡಿಕೊಳ್ಳಬೇಕು.

ಇನ್ನು ಪರೀಕ್ಷೆ. ಇಂಜಿನ್ ನಿಲ್ಲಿಸಿ ಹಲವು ಸಲ ಪೆಡಲ್ ತುಳಿದರೆ, ಕಾಲಿನ ಬಲವನ್ನು ಹೆಚ್ಚಿಸುವ ಬೂಸ್ಟರಿನ ನಿರ್ವಾತ ಖಾಲಿಯಾಗುತ್ತದೆ. ಆಮೇಲೆ ಪೆಡಲ್ ಒತ್ತಿ ಹಿಡಿದೇ ಇಂಜಿನ್ ಸ್ಟಾರ್ಟ್ ಮಾಡಿದಾಗ ಅದು ಕೊಂಚ ಕೆಳಗಿಳಿದು ನಿಂತರೆ ಬೂಸ್ಟರ್ ಕೆಲಸ ಮಾಡುತ್ತಿದೆ. ನಿಲ್ಲದೆ ನಿಧಾನವಾಗಿ ಇಳಿಯುತ್ತಲೇ ಹೋದರೆ, ಪೆಡಲಿನ ಬಲವನ್ನು ದ್ರವಕ್ಕೆ ದಾಟಿಸುವ ಮಾಸ್ಟರ್ ಸಿಲಿಂಡರನ್ನೋ ಸೋರಿಕೆಯನ್ನೋ ಅನುಮಾನಿಸಬೇಕು. ಬಳಿಕ ಖಾಲಿ ಜಾಗದಲ್ಲಿ ನಡಿಗೆಯ ವೇಗದಲ್ಲಿ ನಿಲ್ಲಿಸಿ, ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆಯೇ ನೋಡಬೇಕು. ಅದಾದ ಮೇಲಷ್ಟೇ ಮಧ್ಯಮ ವೇಗದಿಂದ ಪೂರ್ತಿ ನಿಲ್ಲಿಸದೆ ಹತ್ತಾರು ಬಾರಿ ವೇಗ ತಗ್ಗಿಸಿ, ನಡುನಡುವೆ ತಣಿಯಲು ಬಿಟ್ಟು ಪ್ಯಾಡನ್ನು ಪಳಗಿಸಬೇಕು. ಪ್ಯಾಡಿನ ವಸ್ತು ಡಿಸ್ಕಿನ ಮೇಲೆ ಸಮನಾಗಿ ಹರಡಿದಾಗಲೇ ಪೂರ್ತಿ ಹಿಡಿತ ಬರುವುದು. ಎಡಬಲ ಚಕ್ರಗಳ ಬಲವನ್ನು ಬೇರೆಬೇರೆಯಾಗಿ ಅಳೆಯುವ ರೋಲರ್ ಯಂತ್ರ ಸಿಕ್ಕಿದರೆ ಅಂದಾಜಿನ ಮಾತೇ ಬೇಡ. ಆದರೆ ದ್ರವದಲ್ಲಿನ ನೀರನ್ನು ರೋಲರ್ ಕೂಡ ತೋರಿಸದು; ಅದಕ್ಕೆ ದ್ರವದ ಕುದಿಬಿಂದುವನ್ನೇ ಅಳೆಯಬೇಕು, ಇಲ್ಲವೇ ತಯಾರಕರು ಹೇಳಿದ ಅವಧಿಗೆ ದ್ರವ ಬದಲಿಸಬೇಕು.

ಹಾಗಾಗಿ ಗ್ಯಾರೇಜಿನವರು ಬಿಲ್ಲಿನಲ್ಲಿ ಪ್ಯಾಡಿನ ಬೆಲೆಯ ಜೊತೆಗೆ ಯಾವ ದ್ರವ ಹಾಕಿದರು, ಯಾವ ದಿನ ಬದಲಿಸಿದರು, ರಸ್ತೆಯಲ್ಲಿ ಓಡಿಸಿ ನೋಡಿದರೇ ಎಂಬುದನ್ನೂ ಬರೆದು ಕೊಡಬೇಕು. ಅವರು ಬರೆಯದಿದ್ದರೆ, ಘಾಟಿ ಇಳಿಯುವ ಮುನ್ನ ಮಾಲೀಕರೇ ಕೇಳಿ ಬರೆಸಿಕೊಳ್ಳಲಿ.