ತುಂಗಭದ್ರಾತೀರದ ಉಗಿಬಂಡಿಗಳು

ಹಂಪೆಯ ಚರಿತ್ರೆಯನ್ನು ಶೋಧಿಸುವವರು ಶಿಲಾಶಾಸನಗಳನ್ನೂ ದೇವಾಲಯಗಳನ್ನೂ ವಿದೇಶೀಯರ ಪ್ರವಾಸಕಥನಗಳನ್ನೂ ಆಧಾರವಾಗಿ ಗ್ರಹಿಸುವರು. ಆದರೆ ಅದೇ ಪ್ರಾಂತದಲ್ಲಿ 1884ರಿಂದ ಒಂದು ಶತಮಾನಕ್ಕೂ ಮಿಕ್ಕ ಕಾಲ ಓಡಾಡಿದ ಉಗಿಬಂಡಿಗಳು ಸಾಮಾನ್ಯವಾಗಿ ಚರಿತ್ರಕಾರರ ದೃಷ್ಟಿಗೆ ಬಿದ್ದಿಲ್ಲ. ಅವುಗಳಲ್ಲಿ ಆಸಕ್ತಿಯುಳ್ಳವರನ್ನು ಕೇವಲ ವಿನೋದಪ್ರಿಯರೆಂದು ತಿಳಿಯುವುದೇ ವಾಡಿಕೆ. ತಾಮ್ರಪಟವು ದಾನಿಯ ಹೆಸರನ್ನೂ ಕಾಲವನ್ನೂ ಹೇಳುವಂತೆ, ಎಂಜಿನಿಗೆ ಜಡಿದ ಲೋಹಫಲಕವು ಕಾರ್ಖಾನೆಯ ಹೆಸರನ್ನೂ ಕ್ರಮಸಂಖ್ಯೆಯನ್ನೂ ನಿರ್ಮಾಣದ ವರ್ಷವನ್ನೂ ಹೇಳುವುದು. ಇಷ್ಟೇ ಅಲ್ಲ, ಎಂಜಿನಿನ ಗಾತ್ರ, ಚಕ್ರಗಳ ಸಂಖ್ಯೆ, ಭಾರ ಇವೆಲ್ಲವೂ ಅದು ಯಾವ ಹೊರೆಯನ್ನು ಎಳೆಯಲು ಹುಟ್ಟಿತೆಂಬುದನ್ನು ಸೂಚಿಸುವುವು. ಆದುದರಿಂದ ಯಂತ್ರವೂ ಓದತಕ್ಕ ಒಂದು ಶಾಸನವೇ ಸರಿ.

ಈ ಪ್ರಾಂತದ ರೈಲುಮಾರ್ಗವು ಸಂಡೂರಿನ ಅದಿರಿಗಾಗಿ ಹುಟ್ಟಿತೆಂಬ ಭಾವನೆ ಬಹುಜನರಲ್ಲಿರುವುದು. ಇಂದು ಅದಿರಿನ ಉದ್ದುದ್ದನೆಯ ಗಾಡಿಗಳನ್ನು ನೋಡುವವರಿಗೆ ಹೀಗೆ ತೋರುವುದು ಸಹಜವೇ. ಆದರೆ ಕಾಲಗಣನೆಯು ಇದನ್ನು ಒಪ್ಪುವುದಿಲ್ಲ. ಸದರ್ನ್ ಮರಾಠಾ ರೈಲ್ವೆ ಕಂಪನಿಯು ಸ್ಥಾಪಿತವಾದುದು 1882ರಲ್ಲಿ. ಬಳ್ಳಾರಿ–ಹೊಸಪೇಟೆಯ ಮಾರ್ಗವು ತೆರೆದುದು 1884ರಲ್ಲಿ. ಬಳ್ಳಾರಿ ಜಿಲ್ಲೆಯ ಭೂಸ್ತರಗಳನ್ನು ಕುರಿತ ರಾಬರ್ಟ್ ಬ್ರೂಸ್ ಫೂಟ್ ಅವರ ಗ್ರಂಥವು ಪ್ರಕಟವಾದುದು 1895ರಲ್ಲಿ. ಜನರಲ್ ಸಂಡೂರು ಮೈನಿಂಗ್ ಕಂಪನಿಯು ಮ್ಯಾಂಗನೀಸಿನ ಗಣಿಗಾರಿಕೆಯನ್ನು ಕೈಗೊಂಡುದು 20ನೆಯ ಶತಮಾನದ ಆರಂಭದ ವರ್ಷಗಳಲ್ಲಿ. ಕಾರ್ಯಕ್ಕಿಂತ ಕಾರಣವು ಮುಂಚೆ ಇರಬೇಕೆಂಬುದು ತರ್ಕದ ಮೊದಲನೆಯ ಪಾಠ. ಗಣಿಯು ಕಂಬಿಗಿಂತ ಈಚಿನದು; ಆದುದರಿಂದ ಕಂಬಿಗೆ ಗಣಿಯು ಕಾರಣವಾಗಲಾರದು.

ಹಾಗಾದರೆ ಕಾರಣ ಯಾವುದು? 1876ರಿಂದ 1878ರವರೆಗಿನ ಮಹಾಕ್ಷಾಮ. ಆ ಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆಯು ಪಟ್ಟ ಪಾಡು ಭೀಕರವಾದುದು. 1871ರ ಜನಗಣತಿಯೊಡನೆ 1881ರದನ್ನು ಹೋಲಿಸಿದರೆ ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ಐದನೆಯ ಒಂದು ಭಾಗವೇ ಇಳಿದುಹೋಗಿತ್ತು. ಮದ್ರಾಸ್ ರೈಲ್ವೆಯ ಕಂಬಿಗಳು ಅದಕ್ಕೆ ಮೊದಲೇ ಬಳ್ಳಾರಿಯನ್ನು ಮುಟ್ಟಿದ್ದುವು. ಸಮುದ್ರತೀರದಿಂದ ಧಾನ್ಯವು ಅಲ್ಲಿಯವರೆಗೆ ಬರಬಹುದಾಗಿತ್ತು. ಅಲ್ಲಿಂದ ಮುಂದಕ್ಕೆ ಎತ್ತಿನ ಗಾಡಿಯೊಂದೇ ಗತಿ. ಆದರೆ ಮೇವಿಲ್ಲದೆ ನೀರಿಲ್ಲದೆ ಎತ್ತುಗಳೇ ಸತ್ತುಬಿದ್ದಮೇಲೆ ಗಾಡಿಯನ್ನು ಎಳೆಯುವವರಾರು? ಮೂಟೆಗಳಿದ್ದ ಊರಿಗೂ ಹಸಿದವರಿದ್ದ ಊರಿಗೂ ನಡುವೆ ಕೆಲವು ಹರಿದಾರಿಗಳ ದೂರವೇ ಮೃತ್ಯುವಾಗಿ ನಿಂತಿತು. ಮೇವನ್ನು ಬೇಡದ ವಾಹನವೊಂದು ಬೇಕೆಂಬ ವಿಚಾರಕ್ಕೆ ಈ ಅನುಭವವೇ ಬಲವನ್ನು ಕೊಟ್ಟಿತು. ರಿಚರ್ಡ್ ಸ್ಟ್ರೇಚಿಯವರ ಅಧ್ಯಕ್ಷತೆಯ ಕ್ಷಾಮ ಆಯೋಗವು 1880ರಲ್ಲಿ ಕ್ಷಾಮಪೀಡಿತ ಪ್ರದೇಶಗಳಿಗೆ ರಕ್ಷಣಾರ್ಥವಾದ ರೈಲುಮಾರ್ಗಗಳು ಆವಶ್ಯಕವೆಂದು ಅಭಿಪ್ರಾಯಪಟ್ಟಿತು. ಸದರ್ನ್ ಮರಾಠಾ ರೈಲ್ವೆಯ ಹೋಟಗಿ–ಗದಗ ಮಾರ್ಗವೂ ಅದರ ಸೋದರಮಾರ್ಗಗಳೂ ‘ಕ್ಷಾಮದ ಮಾರ್ಗ’ಗಳೆಂದೇ ಪ್ರಸಿದ್ಧವಾದುವು.

ಇಲ್ಲಿ ಒಂದು ಆಕ್ಷೇಪವುಂಟು. ಧಾನ್ಯವನ್ನು ತರುವ ಕಂಬಿಯೇ ಧಾನ್ಯವನ್ನು ಒಯ್ಯಲೂ ಬಲ್ಲದು. ಬೆಲೆಯು ಎಲ್ಲಿ ಹೆಚ್ಚೋ ಅಲ್ಲಿಗೆ ಮೂಟೆಯು ಹೋಗುವುದು. ಆ ಮಹಾಕ್ಷಾಮದ ವರ್ಷಗಳಲ್ಲಿಯೂ ಭಾರತದಿಂದ ಹೊರದೇಶಗಳಿಗೆ ಧಾನ್ಯವು ಸಾಗುತ್ತಿದ್ದುದು ಚರಿತ್ರೆಗೆ ತಿಳಿದ ಸಂಗತಿ. 1888ರಲ್ಲಿ ಪಶ್ಚಿಮದಲ್ಲಿ ಮಾರ್ಮಗೋವಾ ಬಂದರಿನ ಸಂಬಂಧವು ಏರ್ಪಟ್ಟಮೇಲೆ ಈ ಸೀಮೆಯ ಹತ್ತಿಯೂ ಅನಂತರ ಅದಿರೂ ಸಮುದ್ರದ ದಾರಿ ಹಿಡಿದುವು. ಆದುದರಿಂದ ರೈಲನ್ನು ಕರುಣೆಯ ಕೃತಿಯೆಂದು ಹೊಗಳುವುದೂ ಲಾಭದ ಕೃತಿಯೆಂದು ತೆಗಳುವುದೂ ಏಕದೇಶದ ಮಾತಾಗುವುದು. ಹುಟ್ಟಿಗೆ ನಿಮಿತ್ತವು ಕ್ಷಾಮ, ಬಾಳಿಗೆ ಆಧಾರವು ವ್ಯಾಪಾರ ಎಂದರೆ ಯಥಾರ್ಥಕ್ಕೆ ಸಮೀಪವಾಗುವುದು.

ಮಾರ್ಗದ ಅಳತೆಯಲ್ಲಿಯೇ ಈ ಹುಟ್ಟಿನ ಗುರುತಿರುವುದು. ಮದ್ರಾಸ್ ರೈಲ್ವೆಯ ಕಂಬಿಗಳ ಅಂತರವು 5 ಅಡಿ 6 ಅಂಗುಲ. ಅಷ್ಟು ಅಗಲದ ಮಾರ್ಗಕ್ಕೆ ತಗಲುವ ವೆಚ್ಚವನ್ನು ಬಡ ಸೀಮೆಗಳು ಹೊರಲಾರವೆಂದು ಲಾರ್ಡ್ ಮೇಯೋ ಅವರ ಆಡಳಿತದಲ್ಲಿ, 1870ರಲ್ಲಿ, ಒಂದು ಮೀಟರು ಅಂತರದ ಕಿರುಮಾರ್ಗವು ನಿಶ್ಚಿತವಾಯಿತು. ಕ್ಷಾಮದ ಮಾರ್ಗಕ್ಕೆ ಒಪ್ಪಿದುದು ಈ ಮೀಟರು ಮಾರ್ಗವೇ. ಕಂಬಿಯು ಹಗುರ, ಸೇತುವೆ ಹಗುರ, ಅದರ ಮೇಲಿನ ಎಂಜಿನೂ ಹಗುರ. ಆ ಕಾಲದ ಭಾರತದ ಮೀಟರು ಮಾರ್ಗಗಳಲ್ಲಿ ಬಹುವಾಗಿ ಬಳಕೆಯಲ್ಲಿದ್ದುದು ಆರು ಚಕ್ರಗಳ ‘ಎಫ್’ ವರ್ಗದ ಪುಟ್ಟ ಎಂಜಿನು. ಭಾರತದಲ್ಲಿಯೇ ಸಂಪೂರ್ಣವಾಗಿ ನಿರ್ಮಿತವಾದ ಮೊದಲನೆಯ ಎಂಜಿನೆಂದು ಖ್ಯಾತಿಗೊಂಡ, 1895ರಲ್ಲಿ ಅಜಮೀರದ ಕಾರ್ಖಾನೆಯಲ್ಲಿ ತಯಾರಾದ 734ನೆಯ ಎಂಜಿನು ಈ ವರ್ಗದ್ದೇ.

ಈ ಕಿರುಮಾರ್ಗವು ಮಾಡಿದ ಇನ್ನೊಂದು ಕೆಲಸವು ಕನ್ನಡಿಗರಿಗೆ ವಿಶೇಷವಾಗಿ ಗಮನಾರ್ಹವಾದುದು. ಗದಗವು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕೊಪ್ಪಳವು ನಿಜಾಮರ ಸಂಸ್ಥಾನಕ್ಕೆ. ತುಂಗಭದ್ರೆಯನ್ನು ದಾಟಿದರೆ ಹೊಸಪೇಟೆಯು ಮದ್ರಾಸ್ ಪ್ರಾಂತಕ್ಕೆ. ಬೆಟ್ಟಗಳ ಆಚೆಗಿನ ಸಂಡೂರು ಘೋರ್ಪಡೆಯವರ ಸಂಸ್ಥಾನ. 1956ರಲ್ಲಿ ಈ ಭಾಗಗಳೆಲ್ಲ ಒಂದು ರಾಜ್ಯವಾಗುವುದಕ್ಕೆ ಏಳು ದಶಕಗಳ ಮೊದಲೇ ಒಂದೇ ಬಂಡಿಯು ಗದಗ, ಕೊಪ್ಪಳ, ಹೊಸಪೇಟೆಗಳನ್ನು ಪೋಣಿಸಿತ್ತು. ಕಂಪ್ಲಿಗೆ ಕಂಬಿಯು ಬರಲಿಲ್ಲ; ವಿಜಯನಗರದ ಅರಸರು ತೆಗೆಯಿಸಿದ ಕಾಲುವೆಗಳ ಕೆಳಗೆ ಬೆಳೆದ ಅಲ್ಲಿಯ ಭತ್ತಕ್ಕೂ ಕಬ್ಬಿನ ಬೆಲ್ಲಕ್ಕೂ ಹೊಸಪೇಟೆಯವರೆಗೆ ಗಾಡಿಯ ದಾರಿಯೇ ಉಳಿಯಿತು. ಎತ್ತಿನ ಗಾಡಿಯನ್ನು ರೈಲು ಅಳಿಸಲಿಲ್ಲ, ಅದರ ಪಯಣವನ್ನು ಮೊಟಕುಮಾಡಿತು.

ಇನ್ನು ಯಂತ್ರದ ವಿಚಾರ. ‘ಯಂತ್ರ’ ಎಂಬ ಶಬ್ದಕ್ಕೆ ಕಟ್ಟುವುದು, ಬಿಗಿಹಿಡಿಯುವುದು ಎಂಬ ಅರ್ಥದ ಧಾತುವೇ ಮೂಲ. ಉಗಿಬಂಡಿಯಲ್ಲಿ ಈ ಅರ್ಥವು ಅಕ್ಷರಶಃ ಸಲ್ಲುವುದು. ನೀರು ಕುದಿದು ಉಗಿಯಾದಾಗ, ಬಿಟ್ಟರೆ ಸುಮಾರು 1,600 ಮಡಿ ಸ್ಥಳವನ್ನು ವ್ಯಾಪಿಸುವುದು. ಬಾಯ್ಲರಿನಲ್ಲಿ ಅದನ್ನು ಬಿಗಿಹಿಡಿದಾಗ ಹುಟ್ಟುವ ಒತ್ತಡವೇ ಬಂಡಿಯ ಬಲ. ಒಲೆಯ ಜ್ವಾಲೆಯೂ ಬಿಸಿಯ ಗಾಳಿಯೂ ನೀರಿನ ನಡುವೆ ಹಾಯ್ದಿರುವ ನೂರಾರು ಕೊಳವೆಗಳೊಳಗಿಂದ ಮುಂದಣ ಹೊಗೆಪೆಟ್ಟಿಗೆಗೆ ಹರಿಯುವುವು. ಉಗಿಯು ಸಿಲಿಂಡರನ್ನು ಹೊಕ್ಕು ಪಿಸ್ಟನ್ನಿನ ಒಮ್ಮೆ ಈ ಮುಖವನ್ನೂ ಒಮ್ಮೆ ಆ ಮುಖವನ್ನೂ ತಳ್ಳುವುದು. ಹಿಂದುಮುಂದಿನ ಆ ಚಲನೆಯು ಉದ್ದನೆಯ ದಂಡದ ಮೂಲಕ ಚಕ್ರದ ತಿರುಗಾಟವಾಗಿ ಪರಿಣಮಿಸುವುದು. ಎರಡು ಸಿಲಿಂಡರುಗಳ ಬಂಡಿಯಲ್ಲಿ ಚಕ್ರವು ಒಂದು ಸುತ್ತು ತಿರುಗುವಷ್ಟರಲ್ಲಿ ನಾಲ್ಕು ಬಾರಿ ಉಗಿಯು ಹೊರಬೀಳುವುದು. ದೂರದಿಂದ ಕೇಳಿಬರುವ ‘ಛುಕ್ ಛುಕ್’ ಎಂಬ ಸದ್ದು ಇದೇ.

ಕೆಲಸ ಮುಗಿಸಿದ ಈ ಉಗಿಯೂ ವ್ಯರ್ಥವಾಗದು. ಅದನ್ನು ಹೊಗೆಪೆಟ್ಟಿಗೆಯೊಳಗಣ ಕಿರಿದಾದ ಬಾಯಿಯಿಂದ ಮೇಲಕ್ಕೆ ಹಾರಿಸುವರು. ಅದು ಹಾರುವಾಗ ಹೊಗೆಯನ್ನೂ ಸೆಳೆದೊಯ್ಯುವುದರಿಂದ ಒಲೆಯೊಳಕ್ಕೆ ಹೊಸ ಗಾಳಿಯು ನುಗ್ಗುವುದು. ಏರಿನಲ್ಲಿ ಬಂಡಿಯು ಶ್ರಮಿಸಿದಷ್ಟೂ ಉಗಿಯ ರಭಸ ಹೆಚ್ಚು, ಗಾಳಿಯ ಸೆಳೆತ ಹೆಚ್ಚು, ಬೆಂಕಿಯ ಉರಿ ಹೆಚ್ಚು. ದುಡಿಮೆಯೇ ದುಡಿಯುವ ಶಕ್ತಿಯನ್ನು ತಂದುಕೊಡುವ ಈ ಏರ್ಪಾಡು ಉಗಿಬಂಡಿಯ ರಹಸ್ಯಗಳಲ್ಲಿ ಅತ್ಯಂತ ಸುಂದರವಾದುದು.

ಹೊಗೆಯಿಂದ ಬೆಂಕಿಯನ್ನು ಊಹಿಸುವುದು ನೈಯಾಯಿಕರ ಪ್ರಸಿದ್ಧವಾದ ಉದಾಹರಣೆ. ಬಂಡಿಯ ಫೈರ್‌ಮನ್ ಇನ್ನೂ ಸೂಕ್ಷ್ಮತರವಾದ ತಾರ್ಕಿಕನು. ಕಪ್ಪು ಹೊಗೆಯು ಕಂಡರೆ ಗಾಳಿ ಸಾಲದು ಅಥವಾ ಕಲ್ಲಿದ್ದಲು ಮಿತಿಮೀರಿತೆಂದೂ, ತೆಳುವಾದ ಬೂದುಬಣ್ಣವಾದರೆ ಉರಿಯು ಸಮವಾಗಿದೆಯೆಂದೂ ಆತನು ತಿಳಿಯುವನು. ನೀರಿನ ಮಟ್ಟವನ್ನು ತೋರುವ ಗಾಜಿನ ಕೊಳವೆಯ ಮೇಲೆ ಸದಾ ಆತನ ಕಣ್ಣು. ನೀರು ತಗ್ಗಿ ಒಲೆಯ ಮೇಲ್ಛಾವಣಿಯು ಬರಿದಾದರೆ ಪ್ರಾಣಕ್ಕೇ ಸಂಚಕಾರ. ಎಲ್ಲಿ ಏರು, ಎಲ್ಲಿ ಇಳಿಜಾರು, ಎಲ್ಲಿ ನೀರು ದೊರೆಯುವುದು ಎಂಬುದನ್ನು ಮೊದಲೇ ಅರಿತು ಉರಿಯನ್ನು ಸಿದ್ಧಪಡಿಸಬೇಕು. ಈ ವಿದ್ಯೆಯ ಬಹುಭಾಗವು ಗ್ರಂಥದಲ್ಲಿರಲಿಲ್ಲ. ಗುರುವಿನಿಂದ ಶಿಷ್ಯನಿಗೆ, ಡ್ರೈವರಿನಿಂದ ಫೈರ್‌ಮನ್ನಿಗೆ, ಓಡುವ ಬಂಡಿಯ ಮೇಲೆಯೇ ಸಂಕ್ರಮಿಸುತ್ತಿತ್ತು.

ಅದಿರಿನ ಯುಗವು ಬಂದಾಗ ಎಂಜಿನಿನ ರೂಪವೂ ಬದಲಾಯಿತು. ಹೊಸಪೇಟೆಯಿಂದ ಕೊಟ್ಟೂರಿನ ಕಡೆಗೆ ಹೋಗುವ ಮಾರ್ಗದಲ್ಲಿ ಗುಂಡಾ ರೋಡಿನಿಂದ ಒಡೆದ ಶಾಖೆಯು ಸಂಡೂರಿನ ಬೆಟ್ಟಗಳ ನಡುವೆ ಸ್ವಾಮಿಹಳ್ಳಿಯವರೆಗೆ ಸಾಗಿತು. ಸಂಡೂರು ಸಂಸ್ಥಾನವು 1949ರಲ್ಲಿ ವಿಲೀನವಾಯಿತು. 1954ರಲ್ಲಿ ಸಂಡೂರು ಮ್ಯಾಂಗನೀಸ್ ಅಂಡ್ ಐರನ್ ಓರ್ಸ್ ಕಂಪನಿಯು ಸ್ಥಾಪಿತವಾಯಿತು. ಅದೇ ಕಾಲದಲ್ಲಿ ಮೀಟರು ಮಾರ್ಗಗಳಿಗೆ ಎರಡು ಹೊಸ ವರ್ಗದ ಎಂಜಿನುಗಳು ಬಂದುವು: ಪ್ರಯಾಣಿಕರ ಗಾಡಿಗೆ ವೈ.ಪಿ., ಸರಕಿನ ಗಾಡಿಗೆ ವೈ.ಜಿ. ಎರಡರ ಬಾಯ್ಲರಿನ ಒತ್ತಡವೂ ಚದರ ಅಂಗುಲಕ್ಕೆ 210 ಪೌಂಡು. ಆದರೆ ವೈ.ಪಿ.ಗೆ ಎಳೆಯುವ ಚಕ್ರಗಳು 6, ಅವುಗಳ ವ್ಯಾಸ 4 ಅಡಿ 6 ಅಂಗುಲ, ವೈ.ಜಿ.ಗೆ 8, ವ್ಯಾಸ 4 ಅಡಿ. ದೊಡ್ಡ ಚಕ್ರಕ್ಕೆ ವೇಗ, ಸಣ್ಣ ಚಕ್ರಕ್ಕೆ ಸೆಳೆತ. ಒಂದೊಂದು ಅಚ್ಚಿನ ಮೇಲೆ ಸುಮಾರು 10.5 ಟನ್ನು ಭಾರವೆಂದು ಇಟ್ಟುಕೊಂಡರೆ, ಕಂಬಿಯನ್ನು ಹಿಡಿದು ಎಳೆಯಲು ವೈ.ಪಿ.ಗೆ 31.5 ಟನ್ನಿನ ಒತ್ತು, ವೈ.ಜಿ.ಗೆ 42 ಟನ್ನಿನ ಒತ್ತು. ಹಸಿದವರಿಗೆ ಜೋಳವನ್ನು ತರಲು ಹಾಕಿದ ಹಗುರವಾದ ಮಾರ್ಗವು ಬೆಟ್ಟವನ್ನೇ ಹೊತ್ತೊಯ್ಯುವ ಮಾರ್ಗವಾದ ಕಥೆಯನ್ನು ಆರರಿಂದ ಎಂಟಕ್ಕೇರಿದ ಈ ಚಕ್ರಗಳೇ ಹೇಳುವುವು.

ಚಿತ್ತರಂಜನದ ಕಾರ್ಖಾನೆಯಲ್ಲಿ ವೈ.ಜಿ. ವರ್ಗದ ಕೊನೆಯ ಎಂಜಿನು 1972ರಲ್ಲಿ ತಯಾರಾಯಿತು. 1992ರಲ್ಲಿ ಆರಂಭವಾದ ಏಕಮಾಪನದ ಯೋಜನೆಯಿಂದ, ಆ ದಶಕದಲ್ಲಿಯೇ ಹುಬ್ಬಳ್ಳಿ–ಗುಂತಕಲ್ಲಿನ ಮೀಟರು ಮಾರ್ಗವು ಅಗಲವಾದ ಮಾರ್ಗವಾಗಿ ಪರಿವರ್ತಿತವಾಯಿತು. ಹೆಚ್ಚಿನ ಭಾರಕ್ಕೂ ವೇಗಕ್ಕೂ ಅದು ಆವಶ್ಯಕವಾಗಿತ್ತೆಂಬುದರಲ್ಲಿ ವಿವಾದವಿಲ್ಲ. ಆದರೆ ಕಂಬಿಯ ಅಂತರವು ಬದಲಾದೊಡನೆ ಹಳೆಯ ಎಂಜಿನುಗಳಿಗೆ ನಿಲ್ಲಲೂ ನೆಲೆಯಿಲ್ಲದಂತಾಯಿತು. ಅವು ಗುಜರಿಯ ಕಬ್ಬಿಣವಾದುವು. ಮೈಸೂರಿನಲ್ಲಿ 1979ರಲ್ಲಿಯೂ ಹುಬ್ಬಳ್ಳಿಯಲ್ಲಿ 2020ರಲ್ಲಿಯೂ ತೆರೆದ ರೈಲ್ವೆ ವಸ್ತುಸಂಗ್ರಹಾಲಯಗಳು ಕೆಲವು ಕುರುಹುಗಳನ್ನು ಕಾಪಾಡಿರುವುವು. ಇದು ಸ್ತುತ್ಯವಾದ ಕಾರ್ಯ. ಆದರೂ ನಿಂತ ಎಂಜಿನು ತನ್ನ ಅರ್ಧವನ್ನು ಮಾತ್ರ ಹೇಳಬಲ್ಲದು.

ಹಂಪೆಯ ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಇದಕ್ಕೆ ನಿದರ್ಶನವಾಗಿ ಹೇಳಬಹುದು. ಅದು ವಸ್ತುತಃ ಗರುಡನ ಗುಡಿ; ನಿಂತಿರುವುದೇ ಅದರ ಸ್ವಭಾವ, ಆದುದರಿಂದ ನಿಂತೂ ಪೂರ್ಣವಾಗಿರುವುದು. ಕಬ್ಬಿಣದ ರಥದ ಸ್ವಭಾವವು ಓಡುವುದು. ಅದರ ಉಳಿದರ್ಧವಿರುವುದು ಅದನ್ನು ಓಡಿಸಿದವರ ಸ್ಮೃತಿಯಲ್ಲಿ. ಉರಿಯನ್ನು ಹಾಸುವ ರೀತಿ, ಸಂಡೂರಿನ ಏರುಗಳಲ್ಲಿ ಉಗಿಯನ್ನು ಕಾಯ್ದಿಡುವ ಉಪಾಯ, ಬಂಡಿಯ ಅಂಗಾಂಗಗಳಿಗೆ ಕೆಲಸಗಾರರು ಕನ್ನಡದಲ್ಲಿ ಇಟ್ಟುಕೊಂಡ ಹೆಸರುಗಳು ಇವು ಯಾವ ಫಲಕದ ಮೇಲೆಯೂ ಕೆತ್ತಲ್ಪಟ್ಟಿಲ್ಲ. ಆ ವಿದ್ಯೆಯನ್ನು ಬಲ್ಲವರು ಈಗ ವೃದ್ಧರು. ಶಿಲಾಶಾಸನವು ಮಳೆಬಿಸಿಲಿಗೆ ಸವೆಯಲು ಶತಮಾನಗಳು ಬೇಕು. ಈ ಶಾಸನವು ಅಳಿಯಲು ಒಂದು ತಲೆಮಾರು ಸಾಕು. ಶಾಸನಗಳ ಪಡಿಯಚ್ಚನ್ನು ತೆಗೆಯುವ ಶ್ರದ್ಧೆಯಿಂದಲೇ ಅವರ ಮಾತುಗಳನ್ನು ಬರೆದಿಡುವುದು ವಿದ್ವಾಂಸರಿಗೂ ಅಧ್ಯಾಪಕರಿಗೂ ಇಂದು ಸಾಧ್ಯವಾದ ಕಾರ್ಯ, ತಡವಾದರೆ ಅಸಾಧ್ಯವಾದುದು.