ಸನ್ಯಾಸಿಯ ಪಟ್ಟಿಯಲ್ಲೊಂದು ಸಂಖ್ಯೆ

7, 11, 13 ಇಂತಹ ಸಂಖ್ಯೆಗಳನ್ನು ಒಂದರಿಂದ ಮತ್ತು ಅದೇ ಸಂಖ್ಯೆಯಿಂದಲ್ಲದೆ ಬೇರಾವುದರಿಂದಲೂ ಶೇಷವಿಲ್ಲದೆ ಭಾಗಿಸಲಾಗದು. ಇವು ಅವಿಭಾಜ್ಯ ಸಂಖ್ಯೆಗಳೆಂದು ನಿಮ್ಮ ಮಕ್ಕಳು ಶಾಲೆಯಲ್ಲಿ ಕಲಿತಿರುತ್ತಾರೆ. ಆದರೆ 14,75,73,95,25,89,67,64,12,927 ಎಂಬ 21 ಅಂಕಿಗಳ ಸಂಖ್ಯೆ ಅವಿಭಾಜ್ಯವೇ? ಈ ಪ್ರಶ್ನೆಗೆ ಪೂರ್ಣ ಉತ್ತರ ದೊರೆಯಲು 259 ವರ್ಷಗಳು ಬೇಕಾದವು.

ಫ್ರಾನ್ಸಿನ ಮರಿನ್ ಮೆರ್ಸೆನ್ (1588–1648) ಮಿನಿಮ್ ಸಭೆಯ ಸನ್ಯಾಸಿ. ಪ್ಯಾರಿಸಿನ ಮಠದಲ್ಲಿದ್ದುಕೊಂಡೇ ಅವರು ದೆಕಾರ್ತ್, ಫೆರ್ಮಾ ಮೊದಲಾದ ವಿದ್ವಾಂಸರೊಡನೆ ಪತ್ರವ್ಯವಹಾರ ನಡೆಸಿ, ಒಬ್ಬರ ವಿಚಾರವನ್ನು ಇನ್ನೊಬ್ಬರಿಗೆ ತಲುಪಿಸುತ್ತಿದ್ದರು. ಎರಡನ್ನು ಎರಡರಿಂದಲೇ ಮತ್ತೆ ಮತ್ತೆ ಗುಣಿಸಿ, ಬಂದ ಗುಣಲಬ್ಧದಿಂದ ಒಂದನ್ನು ಕಳೆದರೆ ಕೆಲವೊಮ್ಮೆ ಅವಿಭಾಜ್ಯ ಸಂಖ್ಯೆ ದೊರೆಯುತ್ತದೆ. ಐದು ಎರಡುಗಳ ಗುಣಲಬ್ಧ 32. ಒಂದು ಕಳೆದರೆ 31, ಅವಿಭಾಜ್ಯ. ಹನ್ನೊಂದು ಎರಡುಗಳಿಂದ ಬರುವ 2047 ಮಾತ್ರ 23 ಮತ್ತು 89ರ ಗುಣಲಬ್ಧ. ಯಾವಾಗ ಅವಿಭಾಜ್ಯ ದೊರೆಯುತ್ತದೆಂಬ ಪಟ್ಟಿಯೊಂದನ್ನು ಮೆರ್ಸೆನ್ 1644ರಲ್ಲಿ ಪ್ರಕಟಿಸಿದರು. ಅದರಲ್ಲಿ 67 ಎರಡುಗಳಿಂದ ಬರುವ ನಮ್ಮ ಈ ಸಂಖ್ಯೆಯೂ ಸೇರಿತ್ತು. ಆದರೂ 15–20 ಅಂಕಿಗಳ ಸಂಖ್ಯೆಯೊಂದನ್ನು ಪರೀಕ್ಷಿಸಲು ಕಾಲವೆಲ್ಲ ಸಾಲದೆಂದು ಅವರೇ ಒಪ್ಪಿಕೊಂಡಿದ್ದರು.

1876ರಲ್ಲಿ ಫ್ರೆಂಚ್ ಗಣಿತಜ್ಞ ಎದುವಾರ್ ಲ್ಯೂಕಾ ಹೊಸ ಪರೀಕ್ಷಾವಿಧಾನವೊಂದರಿಂದ ಈ ಸಂಖ್ಯೆ ಅವಿಭಾಜ್ಯವಲ್ಲವೆಂದು ತೋರಿಸಿದರು. ಆದರೆ ಯಾವ ಸಂಖ್ಯೆಗಳಿಂದ ಅದನ್ನು ಭಾಗಿಸಬಹುದೆಂದು ಅವರ ವಿಧಾನ ಹೇಳುತ್ತಿರಲಿಲ್ಲ. ತಪ್ಪಿದೆಯೆಂದು ತಿಳಿದಿತ್ತು, ಅದನ್ನು ಬಿಡಿಸಿ ತೋರುವವರಿರಲಿಲ್ಲ.

1903ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಗಣಿತಜ್ಞರ ಸಭೆಯಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಆ ಕೆಲಸ ಮಾಡಿದರು: 19,37,07,721 ಮತ್ತು 7,61,83,82,57,287ನ್ನು ಗುಣಿಸಿದರೆ ಸರಿಯಾಗಿ ಅದೇ ಸಂಖ್ಯೆ! ಅವರು ಒಂದು ಮಾತೂ ಆಡದೆ ಕಪ್ಪುಹಲಗೆಯ ಮೇಲೆ ಲೆಕ್ಕವನ್ನು ಬರೆದು ಹೋಗಿ ಕುಳಿತರೆಂದೂ, ಇದಕ್ಕೆಷ್ಟು ಕಾಲ ಹಿಡಿಯಿತೆಂದು ಕೇಳಿದಾಗ 'ಮೂರು ವರ್ಷಗಳ ಭಾನುವಾರಗಳು' ಎಂದರೆಂದೂ ಗಣಿತದ ಇತಿಹಾಸ ಬರೆದ ಇ. ಟಿ. ಬೆಲ್ ಹೇಳುತ್ತಾರೆ.

ಮೆರ್ಸೆನ್ನರ ಪಟ್ಟಿಯಲ್ಲಿ ಒಟ್ಟು ಐದು ತಪ್ಪುಗಳಿದ್ದವು. ಬಿಟ್ಟುಹೋಗಿದ್ದ ಒಂದು ಸಂಖ್ಯೆಯನ್ನು 1883ರಲ್ಲಿ ಕಂಡುಹಿಡಿದವರು ರಷ್ಯದ ಗುರು ಇವಾನ್ ಪೆರ್ವುಶಿನ್. ಆದರೂ ಈ ಬಗೆಯ ಅವಿಭಾಜ್ಯಗಳು ಇಂದಿಗೂ ಮೆರ್ಸೆನ್ನರ ಹೆಸರನ್ನೇ ಹೊತ್ತಿವೆ. ಏಕೆ? ಅವರು ತಮ್ಮ ಪಟ್ಟಿಯನ್ನು ಎಲ್ಲರ ಮುಂದಿಟ್ಟರು. ಇತರರು ಅದನ್ನು ನಿಂದಿಸುತ್ತ ಕೂರದೆ ಶ್ರಮವಹಿಸಿ ತಿದ್ದಿದರು.

ಓದುಗರೇ, ನಮ್ಮ ಮನೆಗಳಲ್ಲಿ 'ನೀನು ತಪ್ಪು' ಎನ್ನುವುದು ಎಷ್ಟು ಸುಲಭ! ಆ ತಪ್ಪು ಎಲ್ಲಿದೆಯೆಂದು ತಾಳ್ಮೆಯಿಂದ ತೋರಿಸಿ ಸರಿಪಡಿಸಲು ನಮ್ಮ ಎಷ್ಟು ಭಾನುವಾರಗಳನ್ನು ಕೊಡಲು ಸಿದ್ಧರಿದ್ದೇವೆ?